ಇತ್ತೀಚೆಗೆ ನಾವಾಡಿದ ಆಟಗಳು

ಕಳೆದ ಸಂಚಿಕೆಯಲ್ಲಿ ಹಳೆಯ ಉಪ್ಪಿನಕಾಯಿ ಜಾಡಿಗಳ ವಿಚಾರವಾಗಿ ಬರೆದ ನಾವು ಈ ತಿಂಗಳು ವಿಡಿಯೋ ಆಟಗಳ ವಿಚಾರವಾಗಿ ಬರೆಯುವೆವೆಂದರೆ ವಾಚಕರಲ್ಲಿ ಕೆಲವರು ನಕ್ಕಾರು, ಕೆಲವರು ಮರುಗಿಯಾರು. ನಮ್ಮ ಗೃಹಿಣಿಯು ಇವೆರಡನ್ನೂ ಮಾಡಿದಳು. "ಅಷ್ಟು ವರ್ಷ ಕಂಡವರ ಮಕ್ಕಳಿಗೆಲ್ಲ ಆಟ ಬೇಡ, ಪಾಠ ಓದಿ ಎಂದು ಗದರಿಸಿದವರು ನೀವೇ ಅಲ್ಲವೆ?" ಎಂಬುದು ಆಕೆಯ ಪ್ರಶ್ನೆ. ಹೌದು, ನಾವೇ. ಅದನ್ನು ಮರೆಮಾಚುವುದಕ್ಕೆ ಈ ಲೇಖನವನ್ನು ಬರೆಯುತ್ತಿಲ್ಲ.

ನಡೆದ ಸಂಗತಿಯಿಷ್ಟು. ಈ ದಸರೆಯ ರಜೆಗೆ ನಮ್ಮ ಮೊಮ್ಮಗಳು ಬಂದಿದ್ದಳು. ಹನ್ನೊಂದು ವರ್ಷದ ಹುಡುಗಿ, ಪೇಟೆಯಲ್ಲಿ ಬೆಳೆದವಳು, ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಹಿಂದಿರುಗದೆ ನಿಂತಿದ್ದ ಮಳೆಯು ಆ ಹತ್ತು ದಿನವೂ ಅಂಗಳಕ್ಕೆ ಕಾಲಿಡಗೊಡಲಿಲ್ಲ. ಅವಳ ತಂದೆಯು ಕಳುಹಿಸಿದ್ದ ಕಂಪ್ಯೂಟರಿನಲ್ಲಿ ಅವಳು ಆಡುವುದು, ನಾವು ಪಕ್ಕದ ಕುರ್ಚಿಯಲ್ಲಿ ಕುಳಿತು ಕನ್ನಡಕದ ಮೇಲಿನಿಂದ ನೋಡಿ ನಿಟ್ಟುಸಿರು ಬಿಡುವುದು, ಹೀಗೆ ಎರಡು ದಿನ ಕಳೆಯಿತು. ಮೂರನೆಯ ದಿನ ಅವಳು ಗುಂಡಿಗಳಿರುವ ಹಿಡಿಕೆಯನ್ನು ನಮ್ಮ ಕೈಗೆ ಕೊಟ್ಟು, "ಅಜ್ಜಾ, ಆಡದೆ ಬೈಯಬಾರದು. ಆಡಿ ಆಮೇಲೆ ಬೈ" ಎಂದಳು. ಪೂರ್ವಪಕ್ಷವನ್ನು ಅರಿಯದೆ ಖಂಡನೆ ಮಾಡಬಾರದೆಂದು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ನಮ್ಮ ಗುರುಗಳು ಹೇಳಿಕೊಟ್ಟಿದ್ದುದೂ ಇದೇ ಮಾತು. ಉತ್ತರ ಹೊಳೆಯದೆ ಹಿಡಿಕೆಯನ್ನು ತೆಗೆದುಕೊಂಡೆವು.

ಆಟವೆಂದೊಡನೆ ಜೂಜೆಂದು ಬಗೆಯುವುದು ನಮ್ಮಂಥವರ ಹಳೆಯ ವ್ಯಾಧಿ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಗೋಳಿನ ಸೂಕ್ತವೊಂದಿರುವುದಷ್ಟೆ. ಮುಂದೆ ನಳನ ಕಥೆ, ಧರ್ಮರಾಜನ ಕಥೆ. ಇವನ್ನು ಪಾಠ ಹೇಳಿ ಹೇಳಿ ದಾಳವೂ ಗುಂಡಿಯೂ ಒಂದೇ ಎಂಬ ಬುದ್ಧಿ ನಮಗೆ ಬೇರೂರಿತ್ತು. ವಿದ್ಯಾರ್ಥಿದೆಸೆಯಲ್ಲಿ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಟಗಳ ಚಿತ್ರಗಳನ್ನು ನೋಡಿ, ಅರಸರೊಬ್ಬರು ಆಟಗಳನ್ನು ಕಲ್ಪಿಸುವುದರಲ್ಲಿ ಇಷ್ಟು ಶ್ರಮಪಟ್ಟರೇ ಎಂದು ಬೆರಗಾಗಿದ್ದೆವು. ಆ ಬೆರಗು ನಾವು ಉಪಾಧ್ಯಾಯರಾದ ಮೇಲೆ ಎಲ್ಲಿ ಕರಗಿಹೋಯಿತೋ ತಿಳಿಯದು.

ಮೊದಲು ಆಡಿದುದು 'ರಾಜಿ' ಎಂಬ ಆಟ. 2020ರಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ಸಂಸ್ಥೆಯವರು ಹೊರತಂದುದು. ರಾಜಿಯೆಂಬ ಬಾಲೆಯ ತಮ್ಮನಾದ ಗೋಲುವನ್ನು ಅಸುರರು ಹೊತ್ತೊಯ್ಯುವರು; ಆಕೆ ದುರ್ಗೆಯ ಅನುಗ್ರಹದಿಂದ ತ್ರಿಶೂಲವನ್ನು ಪಡೆದು ಅವನನ್ನು ಹುಡುಕುತ್ತ ಹೋಗುವಳು. ನಾವು ಮೆಚ್ಚಿದುದು ಕಥೆಯನ್ನು ಹೇಳಿಸಿರುವ ಬಗೆಯನ್ನು. ದುರ್ಗೆಯೂ ವಿಷ್ಣುವೂ ಮೇಲಿನಿಂದ ನೋಡುತ್ತ ಈ ಹುಡುಗಿಯ ವಿಚಾರವಾಗಿ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವರು. ನಾಟಕದ ಆರಂಭದಲ್ಲಿ ಸೂತ್ರಧಾರನೂ ನಟಿಯೂ ಬಂದು ನಿಲ್ಲುವ ಸಂಪ್ರದಾಯವನ್ನು ಬಲ್ಲವರಿಗೆ ಇದು ಹೊಸದೆನ್ನಿಸದು. ನಡುನಡುವೆ ಕಥೆಯು ನೆರಳಿನ ಬೊಂಬೆಗಳಿಂದ ಸಾಗುವುದು. ನಮ್ಮ ಕಡೆಯ ತೊಗಲುಗೊಂಬೆಯಾಟವನ್ನು ನೆನೆದು ನಮ್ಮ ಗೃಹಿಣಿಯೂ ಒಲೆಯ ಮೇಲಿನ ಹಾಲನ್ನು ಮರೆತು ಬಂದು ನಿಂತಳು. ಕೋಟೆಗಳ ಗೋಡೆಯ ಮೇಲೆ ಪುರಾಣಕಥೆಗಳ ವರ್ಣಚಿತ್ರಗಳಿವೆ. ಹತ್ತಿರ ಹೋದರೆ ಅವುಗಳ ಕಥೆಯನ್ನೂ ಹೇಳುವರು. ದೋಷವೂ ಉಂಟು. ದೇವತೆಗಳ ಬಾಯಲ್ಲಿ ಇಂಗ್ಲಿಷನ್ನು ಕೇಳಿ ನಮ್ಮ ಕಿವಿ ಮುದುಡಿತು. ಮುಕ್ತಾಯವು, ಬಸ್ಸು ಊರಿನ ಹೊರಗೇ ಇಳಿಸಿ ಹೊರಟುಹೋದಂತೆ ಥಟ್ಟನೆ ಬರುವುದು.

ಕಾಳಗದ ವಿಷಯದಲ್ಲಿ ನಮ್ಮ ಬೆರಳುಗಳು ನಮ್ಮ ಮಾತನ್ನು ಕೇಳಲಿಲ್ಲವೆಂದು ಒಪ್ಪಿಕೊಳ್ಳುವೆವು. ಮೊದಲ ಅಸುರನ ಕೈಯಲ್ಲಿಯೇ ಮೂರು ಬಾರಿ ಸತ್ತೆವು. ನಾಲ್ಕನೆಯ ಬಾರಿ ಕೈ ನಡುಗುವುದನ್ನು ಕಂಡು ಮಗುವು, "ಹೆದರಬೇಡ ಅಜ್ಜಾ, ಇಲ್ಲಿ ಸತ್ತರೆ ಅಲ್ಲೇ ಹುಟ್ಟುತ್ತಾರೆ" ಎಂದು ಸಮಾಧಾನ ಹೇಳಿದಳು. ಪುನರ್ಜನ್ಮವನ್ನು ಕುರಿತು ನಾವು ಎಷ್ಟೋ ಉಪನ್ಯಾಸಗಳನ್ನು ಕೇಳಿರುವೆವು. ಇಷ್ಟು ಧೈರ್ಯವನ್ನು ಯಾವುದೂ ಕೊಟ್ಟಿರಲಿಲ್ಲ.

ಎರಡನೆಯದು 'ಟೆಟ್ರಿಸ್.' ಇದನ್ನು ಬಲ್ಲವರು ನಮ್ಮ ವಾಚಕರಲ್ಲಿಯೂ ಬಹು ಮಂದಿ ಇರಬೇಕು. ಇದರ ಹುಟ್ಟು ಸ್ವಾರಸ್ಯವಾದುದು. 1984ರಲ್ಲಿ ಮಾಸ್ಕೋ ನಗರದ ವಿಜ್ಞಾನ ಅಕಾಡೆಮಿಯ ಗಣಕಕೇಂದ್ರದಲ್ಲಿ ಉದ್ಯೋಗದಲ್ಲಿದ್ದ ಅಲೆಕ್ಸೇ ಪಾಜಿಟ್ನೊವ್ ಎಂಬವರು, ಐದೈದು ಚೌಕಗಳ ತುಂಡುಗಳನ್ನು ಜೋಡಿಸುವ ಹಳೆಯ ಮರದ ಆಟವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು, ಅದನ್ನು ನಾಲ್ಕು ಚೌಕಗಳಿಗೆ ಇಳಿಸಿದರು. ಐದು ಚೌಕಗಳಾದರೆ ಹನ್ನೆರಡು ಆಕಾರಗಳಾಗುವುವು, ನಾಲ್ಕಾದರೆ ಏಳೇ. ಏಳನ್ನು ಮನಸ್ಸು ಹಿಡಿಯಬಲ್ಲದು. ಅವರ ಎಲೆಕ್ಟ್ರಾನಿಕಾ 60 ಎಂಬ ಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿಯೇ ಇರಲಿಲ್ಲವಾದ್ದರಿಂದ ಅಕ್ಷರಗಳ ನಡುವೆ ಹಾಕುವ ಕಂಸಚಿಹ್ನೆಗಳಿಂದಲೇ ಚೌಕಗಳನ್ನು ಮಾಡಿದರಂತೆ. ನಾಲ್ಕು ಎಂಬರ್ಥದ ಗ್ರೀಕ್ ಶಬ್ದಕ್ಕೆ ತಮಗೆ ಪ್ರಿಯವಾದ ಟೆನಿಸ್ ಆಟದ ಹೆಸರನ್ನು ಸೇರಿಸಿ ನಾಮಕರಣ ಮಾಡಿದರು. ಲೋಕವೆಲ್ಲ ಆಡಿತು. ಆದರೆ ಹಕ್ಕು ಸೋವಿಯತ್ ಸರ್ಕಾರದ್ದು. ಕರ್ತೃವಿಗೆ ಅದರ ಗೌರವಧನ ಬರತೊಡಗಿದುದು 1996ರಲ್ಲಿ. ಹನ್ನೆರಡು ವರ್ಷ! ಪಠ್ಯಪುಸ್ತಕಗಳನ್ನು ಬರೆದುಕೊಟ್ಟ ನಮ್ಮ ಕೆಲವು ಮಿತ್ರರು ಇದನ್ನು ಓದಿ ತಮ್ಮ ಸ್ಥಿತಿಯೇ ವಾಸಿಯೆಂದು ತಿಳಿಯಬಹುದು.

ಆಟದ ನಿಯಮವನ್ನು ಅಡುಗೆಮನೆಯಿಂದ ಕೂಗಿ ಹೇಳಿದರೂ ತಿಳಿಯುವುದು. ಮೇಲಿನಿಂದ ತುಂಡುಗಳು ಒಂದೊಂದಾಗಿ ಬೀಳುವುವು, ತಿರುಗಿಸಿ ಹೊಂದಿಸಬೇಕು, ಸಾಲು ತುಂಬಿದರೆ ಅದು ಮಾಯವಾಗುವುದು. ಇದು ನಮಗೆ ಬಹಳ ಹಿಡಿಸಿತು. ಎರಡು ಸೇರುವ ಸ್ಥಳದಲ್ಲಿ ಒಂದು ಕಾಣದಂತಾಗುವ ಲೋಪಸಂಧಿಯನ್ನು ನಾವು ಎಷ್ಟು ಸಾವಿರ ಸಲ ಕರಿಹಲಗೆಯ ಮೇಲೆ ಬರೆದಿರುವೆವೋ! ಇಲ್ಲಿ ಸರಿಯಾಗಿ ಮಾಡಿದುದೆಲ್ಲ ಕಣ್ಮರೆಯಾಗುವುದು. ತಪ್ಪಿದುದು ಮಾತ್ರ ಕಣ್ಣೆದುರಿಗೆ ರಾಶಿಯಾಗಿ ಬೆಳೆಯುವುದು. ಮನೆಗೆಲಸವೂ ಹೀಗೆಯೇ ಎಂದು ನಮ್ಮ ಗೃಹಿಣಿಯ ಟೀಕೆ. ತೊಳೆದ ಪಾತ್ರೆಯನ್ನು ಯಾರೂ ನೋಡುವುದಿಲ್ಲವಂತೆ.

ಈ ಆಟಕ್ಕೆ ಗೆಲುವೆಂಬುದಿಲ್ಲ, ಎಷ್ಟು ಹೊತ್ತು ಸೋಲದೆ ನಿಂತೆವೆಂಬುದೊಂದೇ ಲೆಕ್ಕವೆಂದು ಎಲ್ಲರೂ ನಂಬಿದ್ದರು. 2023ರ ಡಿಸೆಂಬರ್ 21ರಂದು ಅಮೆರಿಕಾದ ಹದಿಮೂರು ವರ್ಷದ ಹುಡುಗನೊಬ್ಬನು 1989ರ ನಿಂಟೆಂಡೋ ಆವೃತ್ತಿಯಲ್ಲಿ 157ನೆಯ ಹಂತದವರೆಗೆ ಆಡಿ, ಯಂತ್ರವೇ ಲೆಕ್ಕ ತಪ್ಪಿ ಸ್ತಬ್ಧವಾಗುವಂತೆ ಮಾಡಿದನು. ಮನುಷ್ಯಮಾತ್ರದವನು ಅಲ್ಲಿಗೆ ತಲುಪಿದುದು ಅದೇ ಮೊದಲು. ನಾವು ನಾಲ್ಕನೆಯ ಹಂತದಲ್ಲಿ ಕುಸಿದೆವು.

ಆ ರಾತ್ರಿ ನಿದ್ರೆ ಬರಲಿಲ್ಲ. ಕಣ್ಣು ಮುಚ್ಚಿದರೆ ತುಂಡುಗಳು ಬೀಳುತ್ತಿದ್ದುವು. ಅದು ಎಲ್ಲರಿಗೂ ಆಗುವುದೆಂದು ಮಗು ಹೇಳಿದಳು. ಆದರೆ ನಮ್ಮನ್ನು ಎಚ್ಚರವಾಗಿರಿಸಿದುದು ಬೇರೆ.

1997ನೆಯ ಇಸವಿಯ ಮಾತು. ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ನಾವು ಸಂಸ್ಕೃತ ಅಧ್ಯಾಪಕರಾಗಿದ್ದೆವು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಗದ್ದೆಬಯಲು ದಾಟಿ, ಸಂಕದ ಮೇಲೆ ಹಳ್ಳ ದಾಟಿ ನಡೆದು ಬರುವವನು. ಶಬ್ದರೂಪಗಳನ್ನು ಎಲ್ಲರೂ ಒಟ್ಟಿಗೆ ಹೇಳುವಾಗ ಅವನ ತುಟಿ ಅಲ್ಲಾಡುತ್ತಿತ್ತು, ದೃಷ್ಟಿ ಮಾತ್ರ ಮೇಜಿನ ಕೆಳಗೆ. ಹೋಗಿ ನೋಡಿದರೆ ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆ. ಅದರ ಸಣ್ಣ ಗಾಜಿನೊಳಗೆ ಕಪ್ಪು ಇಟ್ಟಿಗೆಗಳು ಬೀಳುತ್ತಿದ್ದುವು. ಆ ದಿನಗಳಲ್ಲಿ ಜಾತ್ರೆಯ ಅಂಗಡಿಗಳಲ್ಲಿಯೂ ದೊರೆಯುತ್ತಿದ್ದ ಬ್ರಿಕ್ ಗೇಮ್ ಅದು. ಈಗ ತಿಳಿಯುತ್ತದೆ, ಅದು ಈ ಟೆಟ್ರಿಸ್ ಆಟವೇ. ಆಗ ನಮಗೆ ಅದರ ಹೆಸರೂ ಬೇಕಾಗಿರಲಿಲ್ಲ. ಕಸಿದುಕೊಂಡೆವು. ತರಗತಿಯೆಲ್ಲ ಕೇಳುವಂತೆ ಒಂದು ಮಾತನ್ನೂ ಆಡಿದೆವು. ಅದನ್ನಿಲ್ಲಿ ಬರೆಯಲು ಲೇಖನಿ ಏಳದು. ತಂದೆಯನ್ನು ಕರೆದುಕೊಂಡು ಬಂದರೆ ಕೊಡುವೆವೆಂದೆವು. ತಂದೆ ಬರಲಿಲ್ಲ. ಹುಡುಗನು ಮೂರು ಸಂಜೆ ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ಬಂದು ನಿಂತನು. "ಸಾರ್, ಕೊಡಿ ಸಾರ್" ಎನ್ನುವುದರ ಹೊರತು ಏನನ್ನೂ ಹೇಳಲಿಲ್ಲ. ಪರೀಕ್ಷೆ ಮುಗಿಯಲಿ ಎಂದೆವು. ಪರೀಕ್ಷೆ ಮುಗಿಯಿತು; ನಮಗೆ ವರ್ಗದ ಆಜ್ಞೆ ಬಂದಿತು; ಬೀರುವಿನಲ್ಲಿದ್ದ ಕಾಗದಪತ್ರಗಳೊಡನೆ ಆ ಪೆಟ್ಟಿಗೆಯೂ ನಮ್ಮ ಟ್ರಂಕಿನೊಳಗೆ ಸೇರಿತು. ಮರುವರ್ಷ ಅವನು ಹತ್ತನೆಯ ತರಗತಿಗೆ ಬರಲಿಲ್ಲವೆಂದು ಅಲ್ಲಿನ ಮಿತ್ರರೊಬ್ಬರು ಯಾವುದೋ ಮಾತಿನ ನಡುವೆ ಹೇಳಿದ ನೆನಪು. ಪೆಟ್ಟಿಗೆಗಾಗಿ ಯಾರೂ ಶಾಲೆಯನ್ನು ಬಿಡುವುದಿಲ್ಲವೆಂದು ಆಗ ನಾವೇ ನಮಗೆ ಸಮಾಧಾನ ಹೇಳಿಕೊಂಡೆವು. ಅದು ನಿಜವೂ ಆಗಿರಬಹುದು.

ಇರಲಿ, ಮೂರನೆಯ ಆಟಕ್ಕೆ ಬರುವೆವು. ಈ ಲೇಖನವನ್ನು ಬರೆಯಲು ನಿಜವಾಗಿ ಪ್ರೇರಣೆಯಾದುದು ಅದೇ.

'ಚಾಂಟ್ಸ್ ಆಫ್ ಸೆನ್ನಾರ್' ಎಂದು ಅದರ ಹೆಸರು. ಸೆನ್ನಾರದ ಗೀತಗಳು ಎನ್ನಬಹುದು. ಫ್ರಾನ್ಸ್ ದೇಶದ ರಂಡಿಸ್ಕ್ ಎಂಬ ಪುಟ್ಟ ಸಂಸ್ಥೆಯವರು ಮಾಡಿ 2023ರ ಸೆಪ್ಟೆಂಬರಿನಲ್ಲಿ ಪ್ರಕಟವಾದುದು. ಮನುಷ್ಯರೆಲ್ಲ ಸೇರಿ ಆಕಾಶಕ್ಕೆ ಮುಟ್ಟುವ ಗೋಪುರವನ್ನು ಕಟ್ಟತೊಡಗಲು ದೇವರು ಅವರ ಭಾಷೆಗಳನ್ನು ಬೇರೆಬೇರೆ ಮಾಡಿ ಚದರಿಸಿದನೆಂಬ ಬೇಬೆಲ್ ಗೋಪುರದ ಕಥೆ ಬೈಬಲಿನಲ್ಲಿರುವುದಷ್ಟೆ. ಆ ಕಥೆಯೇ ಇದಕ್ಕೆ ಮೂಲ. ಇಲ್ಲಿಯೂ ಒಂದು ಮಹಾಗೋಪುರ. ಅದರ ಅಂತಸ್ತುಗಳಲ್ಲಿ ಐದು ಜನಾಂಗಗಳು: ಕೆಳಗೆ ಭಕ್ತರು, ಅವರ ಮೇಲೆ ಯೋಧರು, ಅವರ ಮೇಲೆ ಗಾಯಕರು, ಆಮೇಲೆ ರಸವಾದಿಗಳು, ತುದಿಯಲ್ಲಿ ಏಕಾಂತವಾಸಿಗಳು. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು. ಒಬ್ಬರ ಲಿಪಿಯನ್ನು ಮತ್ತೊಬ್ಬರು ಓದಲಾರರು. ಕೆಂಪು ನಿಲುವಂಗಿಯ, ಮುಸುಕು ಹೊದೆದ ಪಥಿಕನೊಬ್ಬನು ಬುಡದಲ್ಲಿ ಎಚ್ಚರಗೊಂಡು ಒಂದೊಂದೇ ಅಂತಸ್ತನ್ನು ಏರಬೇಕು. ಆ ಪಥಿಕನೇ ನಾವು.

ಇಲ್ಲಿ ನಿಘಂಟು ಇಲ್ಲ, ಗುರುವಿಲ್ಲ. ಬಾಗಿಲ ಬಳಿ ಒಂದು ಸನ್ನೆಗೋಲು. ಅದರ ಎರಡು ಕೊನೆಗಳಲ್ಲಿ ಎರಡು ಚಿಹ್ನೆಗಳು. ಒಂದು ಕಡೆ ಎಳೆದರೆ ಬಾಗಿಲು ತೆರೆಯಿತು, ಮತ್ತೊಂದು ಕಡೆಗೆ ಮುಚ್ಚಿತು. ಹಾಗಾದರೆ ಇದು 'ತೆರೆ,' ಅದು 'ಮುಚ್ಚು' ಇರಬೇಕು. ಎದುರಿಗೆ ಬಂದವನು ಬಾಗಿ ಒಂದು ಚಿಹ್ನೆಯನ್ನು ನುಡಿದನು, ನಮಸ್ಕಾರವೋ ಏನೋ. ಹೀಗೆ ಊಹಿಸಿ, ಊಹೆಯನ್ನು ಟಿಪ್ಪಣಿಪುಸ್ತಕದಲ್ಲಿ ಬರೆದುಕೊಂಡು, ಮುಂದೆ ಅದೇ ಚಿಹ್ನೆ ಬೇರೆ ಸ್ಥಳದಲ್ಲಿ ಕಂಡಾಗ ಅರ್ಥ ಹೊಂದುವುದೋ ಇಲ್ಲವೋ ಎಂದು ನೋಡಿ, ಹೊಂದದಿದ್ದರೆ ಹೊಡೆದುಹಾಕಿ ಮತ್ತೊಂದನ್ನು ಬರೆಯಬೇಕು. ಆಟದೊಳಗೇ ಒಂದು ಪುಸ್ತಕವುಂಟು. ಅದಲ್ಲದೆ ನಾವು ಒಂದು ನೂರು ಪುಟದ ನೋಟುಪುಸ್ತಕವನ್ನು ತರಿಸಿ ಕನ್ನಡದಲ್ಲಿಯೂ ಬರೆಯತೊಡಗಿದೆವು. ಮಗು ಚಿಹ್ನೆಗಳ ಚಿತ್ರವನ್ನು ಬಿಡಿಸುವಳು, ನಾವು ಅರ್ಥವನ್ನು ಬರೆಯುವೆವು. ಹತ್ತು ಗಂಟೆಗೆ ಕುಳಿತವರನ್ನು ಊಟಕ್ಕೆ ಎರಡು ಬಾರಿ ಕರೆಯಬೇಕಾಯಿತು.

ಇದು ಆಟವೆಂಬುದಕ್ಕಿಂತ, ಪ್ರಾಚೀನ ಲಿಪಿಗಳನ್ನು ಬಿಡಿಸಿದ ಮಹನೀಯರ ಕೆಲಸದ ಕಿರಿಯ ಪ್ರತಿಬಿಂಬವೆನ್ನಬೇಕು. ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹಪರೀಕ್ಷಕರಾಗಿದ್ದ ಜೇಮ್ಸ್ ಪ್ರಿನ್ಸೆಪ್‌ರು 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದ ಬಗೆಯನ್ನು ನಾವು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆವು. ಸಾಂಚಿಯ ಸ್ತೂಪದ ಕಟಕಟೆಯ ಕಲ್ಲುಗಳ ಮೇಲೆ ಚಿಕ್ಕ ಚಿಕ್ಕ ಬರಹಗಳು. ಬಹುಪಾಲು ಎಲ್ಲವೂ ಒಂದೇ ಅಕ್ಷರಗಳಿಂದ ಮುಗಿಯುತ್ತಿದ್ದುವು. ದೇವಾಲಯಗಳಲ್ಲಿ ಜನರು ತಾವು ಕೊಟ್ಟ ಕಲ್ಲಿನ ಮೇಲೆ ಏನೆಂದು ಬರೆಸುತ್ತಾರೆ? 'ಇಂಥವರ ದಾನ' ಎಂದಲ್ಲವೆ? ಕೊನೆಯ ಶಬ್ದವು 'ದಾನಂ' ಇರಬೇಕೆಂದು ಅವರು ಊಹಿಸಿದರು. ಅಲ್ಲಿಂದ ಎರಡು ಅಕ್ಷರ ದೊರೆತುವು, ಎರಡರಿಂದ ಉಳಿದವು. ಶತಮಾನಗಳಿಂದ ಮೌನವಾಗಿದ್ದ ಕಂಬಗಳೂ ಬಂಡೆಗಳೂ ಮಾತಾಡಿದುವು. ನಮ್ಮ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ಅಶೋಕನೆಂಬ ಹೆಸರನ್ನು ಓದಲು ಸಾಧ್ಯವಾದುದೂ ಆ ಒಂದು ಊಹೆಯ ಪುಣ್ಯದಿಂದಲೇ. ಇದನ್ನು ನಾವು ಹೇಳುತ್ತಿದ್ದೆವು, ಹುಡುಗರು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಎರಡು ಅಂಕ. ಆದರೆ ಆ ಊಹೆ ಕೂಡಿಬಂದಾಗ ಮೈ ಹೇಗೆ ಜುಮ್ಮೆನ್ನುವುದೆಂಬುದನ್ನು ಹೇಳುತ್ತಿದ್ದ ನಾವೂ ಅರಿತಿರಲಿಲ್ಲ, ಕೇಳುತ್ತಿದ್ದವರೂ ಅರಿತಿರಲಿಲ್ಲ. ಈ ಮಳೆಗಾಲದ ಮಧ್ಯಾಹ್ನ ಅರಿತೆವು.

ವ್ಯಾಕರಣದ ವಿಷಯದಲ್ಲಿ ಇದನ್ನು ರಚಿಸಿದವರು ತೋರಿರುವ ಸೂಕ್ಷ್ಮತೆ ಮೆಚ್ಚತಕ್ಕದ್ದು. ಭಕ್ತರ ಭಾಷೆಯಲ್ಲಿ ಬಹುವಚನಕ್ಕೆ ನಾಮಪದವನ್ನು ಎರಡು ಸಲ ಬರೆಯುವರು. ನಾವು 'ಮನೆ ಮನೆ,' 'ಊರೂರು' ಎಂದು ಹೇಳುವುದು ಥಟ್ಟನೆ ನೆನಪಾಯಿತು. ಯೋಧರ ಭಾಷೆಯಲ್ಲಿ ಬಹುತ್ವವನ್ನು ತೋರಿಸುವ ಗುರುತೊಂದು ನಾಮಪದಕ್ಕೆ ಮುಂಚೆಯೇ ಬರುವುದು. ನಮ್ಮ 'ಗಳು' ಪ್ರತ್ಯಯವನ್ನು ಹಿಂದಿನಿಂದ ಎತ್ತಿ ಮುಂದೆ ಕೂರಿಸಿದಂತೆ. ಗಾಯಕರ ಅಂತಸ್ತಿಗೆ ಬಂದಾಗ ಮೊಮ್ಮಗಳು ಅರ್ಧ ಗಂಟೆ ತಡವರಿಸಿದಳು. ಚಿಹ್ನೆಗಳ ಅರ್ಥ ಗೊತ್ತು, ವಾಕ್ಯ ಮಾತ್ರ ಕೂಡದು. "ಅಜ್ಜಾ, ಇವರು ಹುಚ್ಚರ ಹಾಗೆ ಮಾತಾಡುತ್ತಾರೆ" ಎಂದಳು. ನಾವು ನೋಡಿದೆವು. ಮೊದಲು ಕರ್ಮ, ಆಮೇಲೆ ಕರ್ತೃ, ಕಟ್ಟಕಡೆಗೆ ಕ್ರಿಯಾಪದ. 'ಹಣ್ಣನ್ನು ರಾಮನು ತಿಂದನು.' ಹುಚ್ಚೇನು ಬಂತು? ನಮ್ಮ ಮನೆಯಲ್ಲಿ ದಿನವೂ ಹೀಗೆಯೇ ಮಾತಾಡುವೆವು. ಕ್ರಿಯಾಪದವು ವಾಕ್ಯದ ನಡುವೆ ಬರಬೇಕೆಂಬುದು ಅವಳಿಗೆ ಇಂಗ್ಲಿಷ್ ಶಾಲೆ ಕಲಿಸಿದ ಅಭ್ಯಾಸ. ಶ್ಲೋಕಗಳಲ್ಲಿ ಚದರಿದ ಪದಗಳನ್ನು ಹುಡುಕಿ ಅನ್ವಯ ಮಾಡುವುದೇ ನಮ್ಮ ಜೀವಮಾನದ ವೃತ್ತಿಯಾದ್ದರಿಂದ, ಆ ಅಂತಸ್ತಿನಲ್ಲಿ ನಾವು ಗುರುಗಳಾದೆವು, ಅವಳು ಶಿಷ್ಯೆಯಾದಳು. ಸಂಸ್ಕೃತವನ್ನು ಕಲಿತುದರಿಂದ ಏನು ಪ್ರಯೋಜನವೆಂದು ನಮ್ಮನ್ನು ಕೇಳದವರಿಲ್ಲ. ಹನ್ನೊಂದು ವರ್ಷದವಳು ಬಾಯಿ ತೆರೆದು ನಮ್ಮನ್ನು ನೋಡಿದ ಆ ಕ್ಷಣವನ್ನು ಇನ್ನು ಮುಂದೆ ಅವರಿಗೆ ಉತ್ತರವಾಗಿ ಹೇಳುವೆವು.

ಯೋಧರ ಕೋಟೆಯಲ್ಲಿ ಕಾವಲುಗಾರರ ಕಣ್ಣು ತಪ್ಪಿಸಿ ಕಂಬದ ಮರೆಯಲ್ಲಿ ಅಡಗಿ ನಡೆಯಬೇಕಾದ ಘಟ್ಟಗಳುಂಟು. ಅವು ಬೇಡವಾಗಿದ್ದುವು. ಭಾಷೆ ಕಲಿಯಲು ಬಂದವನನ್ನು ಕಳ್ಳನಂತೆ ಓಡಾಡಿಸುವುದೇಕೆ? ಅಲ್ಲೆಲ್ಲ ಹಿಡಿಕೆಯನ್ನು ಮಗುವಿಗೆ ಕೊಟ್ಟು ನಾವು ಕಾಫಿಗೆ ಎದ್ದುಹೋದೆವು.

ಈ ಆಟದಲ್ಲಿ ತಪ್ಪನ್ನು ತಿದ್ದುವ ಕ್ರಮವೊಂದುಂಟು. ಅದರ ಮುಂದೆ ನಾವು ಬಹಳ ಹೊತ್ತು ಸುಮ್ಮನೆ ಕುಳಿತೆವು. ಪುಸ್ತಕದ ಪುಟದಲ್ಲಿ ಮೂರು ನಾಲ್ಕು ಚಿತ್ರಗಳಿರುವುವು. ಒಂದೊಂದಕ್ಕೂ ಸರಿಯಾದ ಚಿಹ್ನೆಯನ್ನು ಅಂಟಿಸಬೇಕು. ಒಂದು ತಪ್ಪಿದ್ದರೂ ಆಟವು ಏನನ್ನೂ ಹೇಳುವುದಿಲ್ಲ. ಇದು ತಪ್ಪು, ಅದು ಸರಿ ಎಂದು ಬೆರಳು ತೋರಿಸುವುದಿಲ್ಲ, ಅಂಕವನ್ನು ಕಳೆಯುವುದಿಲ್ಲ. ಎಲ್ಲವೂ ಕೂಡಿದಾಗ ಮಾತ್ರ ಇಡೀ ಪುಟ ಒಮ್ಮೆಲೇ ನೆಲೆಗೊಳ್ಳುವುದು. ಅಲ್ಲಿಯವರೆಗೆ ನಿಮ್ಮ ತಪ್ಪು ಊಹೆಯೇ ನಿಮ್ಮ ಜೊತೆಗಾರ. ಜನರ ಮಾತಿನ ಮೇಲೆ ಅದೇ ಅನುವಾದವಾಗಿ ತೋರುತ್ತಿರುವುದು. ಅದು ಎಷ್ಟು ಹಾಸ್ಯಾಸ್ಪದವೆಂದು ಮುಂದಿನ ವಾಕ್ಯವೇ ತಿಳಿಸುವುದು. ನಾವು ಒಂದು ಚಿಹ್ನೆಯನ್ನು 'ಗಿಡ'ವೆಂದು ನಂಬಿ ಕಾಲು ಗಂಟೆ ಕಾಲ ಜನರೆಲ್ಲ ಗಿಡವನ್ನು ಹುಡುಕುತ್ತಿರುವರೆಂದು ತಿಳಿದಿದ್ದೆವು. ಅವರು ಹುಡುಕುತ್ತಿದ್ದುದು ದೇವರನ್ನು. ಮೊಮ್ಮಗಳು ಕುರ್ಚಿಯಿಂದ ಬೀಳುವಷ್ಟು ನಕ್ಕಳು, ನಾವೂ ನಕ್ಕೆವು. ನಮ್ಮ ತರಗತಿಯಲ್ಲಿ ತಪ್ಪು ಮಾಡಿ ನಕ್ಕ ಹುಡುಗರನ್ನು ನೆನಪು ಮಾಡಿಕೊಳ್ಳಲು ಯತ್ನಿಸಿದೆವು. ಒಬ್ಬರೂ ನೆನಪಾಗಲಿಲ್ಲ.

ಎರಡನೆಯ ಅಂತಸ್ತಿನಲ್ಲಿ ಮತ್ತೊಂದು ಪೆಟ್ಟು ಕಾದಿತ್ತು. ಕೆಳಗಿನ ಭಕ್ತರೊಡನೆ ನಾವು ಅಷ್ಟು ಹೊತ್ತು ಕಳೆದಿದ್ದೆವು. ಸಾಧುಜನರು, ದಾರಿ ತೋರಿಸಿದವರು. ಮೇಲೆ ಯೋಧರು ಅವರನ್ನು ಬೇರೆ ಚಿಹ್ನೆಯಿಂದ ಕರೆಯುತ್ತಿದ್ದರು. ಅದರ ಅರ್ಥವನ್ನು ಬಿಡಿಸಲು ಹೊರಟೆವು. ಬಿಡಿಸಿದಾಗ ಅದು 'ಅಶುದ್ಧರು' ಎಂದಾಯಿತು. ಅದೇ ಯೋಧರು ತಮಗಿಂತ ಮೇಲಿನ ಗಾಯಕರನ್ನು ಕರೆಯುವ ಹೆಸರು 'ಆರಿಸಲ್ಪಟ್ಟವರು.' ಒಬ್ಬರಿಗೂ ಒಬ್ಬರ ಭಾಷೆ ತಿಳಿಯದು, ಹೆಸರು ಮಾತ್ರ ಇಟ್ಟಾಗಿದೆ.

'ಅಶುದ್ಧ' ಎಂಬುದು ನಮಗೆ ಬಹು ಪರಿಚಿತವಾದ ಶಬ್ದ. ಸಂಸ್ಕೃತದ ಉತ್ತರಪತ್ರಿಕೆಗಳಲ್ಲಿ ತಪ್ಪು ಕಂಡಲ್ಲೆಲ್ಲ ಕೆಂಪು ಮಸಿಯಿಂದ ನಾವು ಬರೆಯುತ್ತಿದ್ದುದು ಅದನ್ನೇ. ಆ ಹುಡುಗನ ಪತ್ರಿಕೆಯಲ್ಲಿ ಅದೊಂದೇ ಶಬ್ದವು ಅಂಚಿನುದ್ದಕ್ಕೂ ಇಳಿದುಹೋಗಿತ್ತು. ಅವನು ಬರೆದಿದ್ದುದನ್ನು ಒಮ್ಮೆಯಾದರೂ ಓದಲು ಯತ್ನಿಸಿದ್ದೆವೆ? ತಪ್ಪಿನಲ್ಲಿಯೂ ಅವನದೊಂದು ಕ್ರಮವಿತ್ತೋ ಏನೋ.

ಉಳಿದ ಕಥೆಯನ್ನು ಹೇಳಿ ಆಡತಕ್ಕವರ ಸುಖವನ್ನು ಕೆಡಿಸೆವು. ಮುಂದೆ ಪಥಿಕನು ದುಭಾಷಿಯಾಗಿ ನಿಂತು, ಒಂದು ಜನಾಂಗದ ಮಾತನ್ನು ಮತ್ತೊಂದಕ್ಕೆ ತಿಳಿಸಿ, ಗೋಪುರವನ್ನು ಕೂಡಿಸುವನೆಂದಷ್ಟನ್ನು ಹೇಳಿದರೆ ಸಾಕು. ತುದಿಯ ಏಕಾಂತವಾಸಿಗಳು ಯಾತರಲ್ಲಿ ಮುಳುಗಿ ಲೋಕವನ್ನು ಮರೆತಿರುವರೆಂಬುದನ್ನು ಕಂಡಾಗ ನಮ್ಮ ಗೃಹಿಣಿಯು ನಮ್ಮಿಬ್ಬರ ಮುಖವನ್ನೂ ನೋಡಿದ ನೋಟವನ್ನು ಮಾತ್ರ ಮರೆಯುವಂತಿಲ್ಲ. ಮೊದಲಿನಿಂದ ಕೊನೆಯವರೆಗೆ ನಮಗೆ ಆರು ದಿನ ಹಿಡಿಯಿತು. ಮನೆಯಲ್ಲಿ ಹತ್ತು ವರ್ಷ ಮೀರಿದ ಮಕ್ಕಳಿದ್ದರೆ ಅವರೊಡನೆ ಕುಳಿತು ಆಡತಕ್ಕದ್ದು. ಒಂಟಿಯಾಗಿ ಆಡಿದರೆ ಅರ್ಧ ರಸ ಹೋಗುವುದೆಂದು ನಮ್ಮ ಮತ.

ರಜೆ ಮುಗಿಯುವ ಹಿಂದಿನ ದಿನ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದೆವು. ಹಳೆಯ ಪ್ರಶ್ನಪತ್ರಿಕೆಗಳ ಕೆಳಗೆ ಪೆಟ್ಟಿಗೆ ಇತ್ತು. ಸೆಲ್ಲುಗಳು ಒಡೆದು ಹಸುರು ಕಿಲುಬು ಕಟ್ಟಿದ್ದುವು. ಮೊಮ್ಮಗಳು ನಿಂಬೆಹಣ್ಣಿನ ಹೋಳಿನಿಂದ ಆ ತಗಡುಗಳನ್ನು ಉಜ್ಜಿ, ಒರೆಸಿ, ಒಣಗಿಸಿ, ಗೋಡೆಗಡಿಯಾರದ ಸೆಲ್ಲನ್ನೂ ಟಾರ್ಚಿನ ಸೆಲ್ಲನ್ನೂ ತೆಗೆದು ಹಾಕಿದಳು. ಪೆಟ್ಟಿಗೆ ಕೀಚಲು ದನಿಯಲ್ಲಿ ಹಾಡಿತು. ಇಷ್ಟು ವರ್ಷಗಳಾದ ಮೇಲೆ ಇಟ್ಟಿಗೆಗಳು ಬಿದ್ದುವು.

ಅಲ್ಲಿನ ಮಿತ್ರರಿಗೆ ದೂರವಾಣಿ ಮಾಡಿ ವಿಚಾರಿಸಲಾಗಿ, ನಾಲ್ಕು ದಿನಗಳಲ್ಲಿ ಅವನ ನಂಬರು ದೊರೆಯಿತು. ಅವನು ಅದೇ ಊರಿನಲ್ಲಿರುವನು. ತೋಟದ ಕೆಲಸ, ಜೊತೆಗೆ ಪಂಪುಸೆಟ್ಟುಗಳ ರಿಪೇರಿ. ನಮ್ಮ ಹೆಸರನ್ನು ಹೇಳಿದೊಡನೆ, "ಸಾರ್, ಆರೋಗ್ಯವೇ ಸಾರ್?" ಎಂದನು. ದನಿಯಲ್ಲಿ ಯಾವ ಕಹಿಯೂ ಇರಲಿಲ್ಲ. ನಾವು ಪೆಟ್ಟಿಗೆಯ ವಿಚಾರವನ್ನು ಹೇಳಿದೆವು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗುತ್ತ, "ಅದು ನನ್ನದಲ್ಲ ಸಾರ್. ದೊಡ್ಡಮನೆ ಹೆಗಡೇರ ಮಗನದು. ಒಂದು ದಿವಸಕ್ಕೆ ಕೇಳಿ ತಂದಿದ್ದೆ" ಎಂದನು. ತಿರುಗಿ ಕೊಡಲು ಆಗದೆ ಇದ್ದುದಕ್ಕೆ ಆ ಚಳಿಗಾಲದಲ್ಲಿ ಅವರ ಮನೆಯಲ್ಲಿ ರಾತ್ರಿ ಅಡಿಕೆ ಸುಲಿದು ಹಣವನ್ನು ತೀರಿಸಿದನಂತೆ. ತಂದೆಗೆ ಗೊತ್ತಾಗಬಾರದೆಂದು ಮನೆಯಲ್ಲಿ ಹೇಳಿರಲಿಲ್ಲವಂತೆ. ಬೆಳಗ್ಗೆ ತರಗತಿಯಲ್ಲಿ ಅವನಿಗೆ ತೂಕಡಿಕೆ ಬರುತ್ತಿದ್ದುದು ನಮಗೆ ನೆನಪಿದೆ. ಅದಕ್ಕೂ ಬೆಂಚಿನ ಮೇಲೆ ನಿಲ್ಲಿಸಿದ್ದೆವು.

ಶಾಲೆಯನ್ನು ಬಿಟ್ಟುದು ಅದರಿಂದಲೇ ಎಂದು ಕೇಳಿದೆವು. "ಬಿಡಿ ಸಾರ್, ಅದೆಲ್ಲ ಯಾಕೆ ಈಗ" ಎಂದನು.

ನಾವು ಏನು ಹೇಳಬೇಕೆಂದು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದೆವು. ಅದು ಶುದ್ಧವಾದ ಕನ್ನಡದಲ್ಲಿತ್ತು. ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ತಪ್ಪಾಯಿತಪ್ಪಾ ಎಂದಷ್ಟೇ ಅಂದೆವು. ಅವನು ಅದನ್ನು ಕೇಳಿಸಿಕೊಂಡನೋ ಇಲ್ಲವೋ, "ಸಾರ್, ನಾನು ಅದರಲ್ಲಿ ಒಂದು ಸ್ಕೋರು ಮಾಡಿದ್ದೆ, ಆ ದಿನ ಬೆಳಗ್ಗೆ, ಸಂಕದ ಹತ್ತಿರ ಕೂತು. ಅದು ಹಾಗೇ ಇದೆಯಾ ನೋಡಿ" ಎಂದನು. ಸೆಲ್ಲು ತೆಗೆದರೆ ಹಳೆಯ ಲೆಕ್ಕವೆಲ್ಲ ಅಳಿಸಿಹೋಗುವುದೆಂದು ಮೊಮ್ಮಗಳು ಪಕ್ಕದಿಂದ ಪಿಸುಗುಟ್ಟಿದಳು. ಅದನ್ನು ಅವನಿಗೆ ಹೇಳಿದೆವು.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಅಲ್ಲಿಗೆ ಹೊರಡುವವರಿದ್ದೇವೆ. ಪೆಟ್ಟಿಗೆಗೆ ಹೊಸ ಸೆಲ್ಲುಗಳನ್ನು ಹಾಕಿಯಾಗಿದೆ. ಇನ್ನೆರಡನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಿದ್ದೇವೆ.